ಕಂಠೆಪ್ಪನ ರೈಲಿಗೆ ದೃಷ್ಟಿಬೊಟ್ಟು

ಗೋವೆಯ ಸಾವರ್ಡೆಯಲ್ಲಿ ಅದಿರಿನ ಧೂಳು ಕೂರದ ಜಾಗವೆಂದರೆ ಒಂದೇ ಒಂದು. ಅದು ಕಂಠೆಪ್ಪನ ಬಂಗಲೆಯ ಮಹಡಿಯ ಮೇಲಿನ ದೊಡ್ಡ ಕೋಣೆ. ಊರಿನ ಗಿಡಗಳು ಕೆಂಪು, ನಾಯಿಗಳು ಕೆಂಪು, ಬೆಳಿಗ್ಗೆ ಒಣಹಾಕಿದ ಬಿಳಿ ಅಂಗಿ ಸಂಜೆಗೆ ಕೆಂಪು. ಇಗರ್ಜಿಯ ಗೋಡೆಗೂ ಮಾರುತಿ ಗುಡಿಯ ಗೋಡೆಗೂ ಧೂಳು ಭೇದಭಾವ ಮಾಡಿರಲಿಲ್ಲ. ಆದರೆ ಆ ಕೋಣೆಗೆ ಎರಡು ಏಸಿ, ಜೋಡಿ ಗಾಜಿನ ಕಿಟಕಿ, ಬಾಗಿಲಿನ ಸಂದಿಗೆ ರಬ್ಬರು ಪಟ್ಟಿ. ಒಳಗೆ ಹೋಗುವವರು ಚಪ್ಪಲಿ ಬಿಟ್ಟರೆ ಸಾಲದು, ಕಾಲು ತೊಳೆದು ಒರೆಸಿಕೊಂಡು ಹೋಗಬೇಕು. ಕಂಠೆಪ್ಪನ ಮನೆಯ ದೇವರಿಗೂ ಅಷ್ಟು ಮಡಿ ಇರಲಿಲ್ಲ.

ಊರಿಗೆಲ್ಲ ಧೂಳು ಹಂಚುವವನು ಅವನೇ ಆದ್ದರಿಂದ, ಅದರಿಂದ ತಪ್ಪಿಸಿಕೊಳ್ಳುವುದು ಹೇಗೆಂದು ಅವನಿಗೆ ಗೊತ್ತಿದ್ದದ್ದು ಸಹಜವೇ. ಸಿಂದಗಿ ಕಡೆಯಿಂದ ಲಾರಿಯ ಕ್ಲೀನರ್ ಆಗಿ ಬಂದವನು. ಚೀನಾದವರು ಗೋವೆಯ ಮಣ್ಣನ್ನು ಬಂಗಾರದಂತೆ ಬಾಚಿಕೊಳ್ಳತೊಡಗಿದ ಮೇಲೆ ಒಂದು ಟಿಪ್ಪರಿನ ಹಿಂದೆ ಇನ್ನೊಂದು ಬಂದು, ಈಗ ಅಂಗಳದ ತುಂಬ ಟಿಪ್ಪರುಗಳೇ. ಟ್ರಕ್ ಮಾಲೀಕರ ಸಂಘದಲ್ಲಿ ಅವನು ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷ. ಆ ಹುದ್ದೆ ಬೇರೆ ಯಾರಿಗೂ ಬೇಡವಾಗಿತ್ತು, ಇವನಿಗೆ ಸಿಕ್ಕಿತು. ಸಂಘದವರು ಸಿಂಗಾಪುರಕ್ಕೆ ಹೋದಾಗ ಅಂಗಡಿಯೊಂದರ ಗಾಜಿನ ಹಿಂದೆ ಗೇಣುದ್ದದ ರೈಲೊಂದು ತನ್ನಷ್ಟಕ್ಕೆ ತಾನು ಓಡಿ, ತಾನೇ ನಿಂತು, ತಾನೇ ಹೊರಡುವುದನ್ನು ಕಂಠೆಪ್ಪ ಕಂಡ. ಉಳಿದವರು ಸೆಂಟು, ಮೊಬೈಲು ತಂದರು. ಇವನು ರೈಲು ತಂದ.

ಆಟದ ರೈಲು ಎಂದರೆ ಅವನಿಗೆ ಮೈಯೆಲ್ಲ ಉರಿ. "ಆಟದ್ದಲ್ಲೋ, ಮಾಡೆಲ್ಲು," ಎನ್ನುತ್ತಿದ್ದ. ಕೋಣೆಯ ತುಂಬ ಮೇಜು, ಮೇಜಿನ ಮೇಲೆ ಘಟ್ಟ, ಘಟ್ಟದಲ್ಲಿ ಅರಳೆಯಿಂದ ಮಾಡಿದ ದೂಧಸಾಗರ ಜಲಪಾತ, ಕೆಳಗೆ ಸಾವರ್ಡೆ ಸ್ಟೇಶನ್ನು. ಒಂದೇ ಹಳಿಯ ಮೇಲೆ ಎರಡು ರೈಲು: ಮುಂದೆ ಅದಿರಿನ ಗೂಡ್ಸು, ಹಿಂದೆ ಪ್ಯಾಸೆಂಜರು. ಗೂಡ್ಸಿನ ಡಬ್ಬಿಗಳಲ್ಲಿ ಖರೆ ಅದಿರು, ಮಲ್ ಬಟ್ಟೆಯಲ್ಲಿ ಸೋಸಿದ್ದು. ರೈಲ್ವೆ ಗೇಟಿನ ಹತ್ತಿರ ಕೆಂಪು ಟಿಪ್ಪರುಗಳ ಸಾಲು, ಒಂದೊಂದರ ಬಾಗಿಲಿಗೂ ಕಂಠೆಪ್ಪನ ಹೆಸರು. ಅವು ಗೇಟಿನ ಮುಂದೆ ಭಾಳ ವಿನಯದಿಂದ ನಿಂತಿರುತ್ತಿದ್ದವು. ಕಂಠೆಪ್ಪನ ಟಿಪ್ಪರುಗಳು ಗೇಟಿನ ಮುಂದೆ ನಿಂತದ್ದನ್ನು ಸಾವರ್ಡೆಯ ಜನ ಕಂಡದ್ದು ಆ ಮೇಜಿನ ಮೇಲೆ ಮಾತ್ರ.

ಅದಿರು ಸೋಸಿದವಳು ಮಂಗಲಾ. ಆ ಮನೆಯಲ್ಲಿ ರೊಟ್ಟಿ ಬಡಿಯುವವಳು, ಪಾತ್ರೆ ತಿಕ್ಕುವವಳು, ಈಗ ರೈಲು ಒರೆಸುವವಳೂ ಅವಳೇ. ಮಾತು ಕಡಿಮೆ. ಯಾರಾದರೂ ಮಾತಾಡಿಸಿದರೆ ಮೊದಲು ಸೆರಗು ಸರಿ ಮಾಡಿಕೊಂಡು, ಆಮೇಲೆ ನೆಲ ನೋಡಿ, ಆಮೇಲೆ ಉತ್ತರ ಕೊಡುವಳು. ಅಷ್ಟರಲ್ಲಿ ಕೇಳಿದವರು ಹೊರಟುಹೋಗಿರುತ್ತಿದ್ದರು. ಅವಳ ಗಂಡ ಗುರುಲಿಂಗ ಕಂಠೆಪ್ಪನ ಟಿಪ್ಪರಿನ ಡ್ರೈವರ್.

ದಸರೆಯ ಹೊತ್ತಿಗೆ ಮಳೆ ಹಿಂದಾಗಿ ಅದಿರಿನ ಹಂಗಾಮು ಶುರುವಾಗುತ್ತದೆ. ಮಳೆಗಾಲವೆಲ್ಲ ಬಯಲಲ್ಲಿ ನೆನೆದ ಗುರುಲಿಂಗನ ಗಾಡಿಯ ಬ್ರೇಕು ಕಳೆದ ಹಂಗಾಮಿನಲ್ಲೇ ಕೈಕೊಟ್ಟಿತ್ತು. "ತುಳಿದ್ರ ಕೂಡ್ಲೆ ನಿಂದರಂಗಿಲ್ಲ ಮಂಗಲಾ. ವಿಚಾರ ಮಾಡಿ ನಿಂದರತೈತಿ," ಎಂದು ಅವನು ನಗುತ್ತ ಹೇಳುತ್ತಿದ್ದ. ಮಂಗಲಾ ನಗುತ್ತಿರಲಿಲ್ಲ. ಅದಿರನ್ನು ದೋಣಿಗೆ ತುಂಬುವ ಜೆಟ್ಟಿಗೆ ಹೋಗುವ ದಾರಿಯಲ್ಲಿ ಒಂದು ಇಳಿಜಾರಿದೆ, ಅದರ ಬುಡದಲ್ಲಿ ಬಸ್‌ಸ್ಟಾಪು. ಹೋದ ವರ್ಷ ಅದಿರು ತುಂಬಿದ ಗಾಡಿ ಅಲ್ಲಿ ವಿಚಾರ ಮಾಡುತ್ತಲೇ ಕೆಳಗಿಳಿದಿತ್ತು. ರಸ್ತೆಯ ಪಕ್ಕದ ಮಣ್ಣಿನ ಗುಡ್ಡೆಗೆ ಮೂತಿ ತುರುಕಿ ಗುರುಲಿಂಗ ಉಳಿದ, ಬಸ್ಸಿಗೆ ಕಾಯುತ್ತಿದ್ದವರೂ ಉಳಿದರು. ಸುದ್ದಿ ಕೇಳಿದ ಕಂಠೆಪ್ಪ, "ಗುಡ್ಡಿ ಇತ್ತಂತ ಚಲೋ ಆತು, ದೇವರು ದೊಡ್ಡಾಂವ," ಎಂದಿದ್ದ, ಗುಡ್ಡೆಯನ್ನು ತಾನೇ ಹಾಕಿಸಿದವನಂತೆ. ಈ ಮಳೆಗಾಲದಲ್ಲಿ ಆ ಗುಡ್ಡೆಯೂ ಕರಗಿ ಹೋಗಿತ್ತು.

ಹಂಗಾಮು ಶುರುವಾಗುವ ಮೊದಲು ಆ ಬ್ರೇಕು ರಿಪೇರಿಯಾಗಬೇಕು. ಮಂಗಲಾಗೆ ಬೇಕಾದದ್ದು ಅಷ್ಟೇ.

ಆಯುಧ, ಗಾಡಿಗಳನ್ನು ಪೂಜಿಸುವ ಖಂಡೆ ಪೂಜೆಯ ಹಿಂದಿನ ದಿನ ಫಾತೋರ್ಡಾದಿಂದ ತೌಸೀಫ ಬಂದಿದ್ದ. ಅವನ ಕಸುಬು ಟಿವಿ ರಿಪೇರಿ. ಆದರೆ ರೈಲಿಗೆ 'ಕಣ್ಣು' ಕೂರಿಸಿಕೊಟ್ಟ ಮೇಲೆ ಕಂಠೆಪ್ಪ ಅವನನ್ನು ಎಂಜಿನಿಯರ್ ಎಂದೇ ಕರೆಯುತ್ತಿದ್ದ. ಕಣ್ಣೆಂದರೆ ಹಳಿಯ ನಡುವೆ ಹೂತಿಟ್ಟ, ಮೆಣಸಿನ ಕಾಳಿನಷ್ಟು ದೊಡ್ಡ ಎರಡೆರಡು ಮಣಿ. ಒಂದು ಮಣಿ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಟಿವಿ ರಿಮೋಟಿನಲ್ಲಿರುವಂಥದ್ದೇ, ಮನುಷ್ಯರಿಗೆ ಕಾಣದು. ಮೇಲೆ ರೈಲು ಬಂತೋ, ಆ ಬೆಳಕು ರೈಲಿನ ಹೊಟ್ಟೆಗೆ ತಾಗಿ ಕೆಳಗೆ ಮರಳುತ್ತದೆ. ಪಕ್ಕದ ಮಣಿ ಅದನ್ನು ಹಿಡಿದು, ಇಲ್ಲೊಂದು ಗಾಡಿ ಇದೆ ಎಂದು ಮೇಜಿನ ಕೆಳಗಿನ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ. ಕೂಡಲೇ ಗೇಟು ಬೀಳುತ್ತದೆ, ಹಿಂದೆ ಬರುವ ರೈಲಿನ ಕರೆಂಟು ಹೋಗಿ ಅದು ಇದ್ದಲ್ಲೇ ನಿಲ್ಲುತ್ತದೆ. ಗೂಡ್ಸು ಸ್ಟೇಶನ್ನಿನಲ್ಲಿ ನಿಲ್ಲುವುದು ಮಾತ್ರ ಪೆಟ್ಟಿಗೆಯ ಗಡಿಯಾರದ ಲೆಕ್ಕಕ್ಕೆ, ಅದಕ್ಕೆ ಕಣ್ಣು ಬೇಡ. ಮಣಿಯ ಮೇಲೆ ಧೂಳು ಕೂತರೆ ಕಣ್ಣು ಮಂಜಾಗುತ್ತದೆಂದು ದಿನಾ ಬೆಳಿಗ್ಗೆ ಮಂಗಲಾ ಅವನ್ನು ಅರಳೆಯಿಂದ ಒರೆಸಬೇಕು. ಕೂಸಿನ ಕಣ್ಣಿನ ಪಿಸುರು ತೆಗೆದಂತೆ ತೆಗೆಯಬೇಕು ಎಂಬುದು ಕಂಠೆಪ್ಪನ ಅಪ್ಪಣೆ.

ಅಂದು ಗೂಡ್ಸು ಸ್ಟೇಶನ್ನಿನಲ್ಲಿ ನಿಂತಿತು. ಹಿಂದೆ ಬಂದ ಪ್ಯಾಸೆಂಜರು ಕೂಡ ನಿಂತಿತು. ಕಂಠೆಪ್ಪ ಬಗ್ಗಿ, ಹಳಿಯ ಮೇಲೆ ಬೆರಳಿಟ್ಟು ಅಳೆದು ಗಾಬರಿಯಾದ.

"ಲೇ ತೌಸೀಫ, ಎರಡ ಬಟ್ಟು ಮುಂದ ಬಂದ ನಿಂತೈತಲ್ಲೋ!"

"ಎರಡ ಬಟ್ಟಿಗೆ ಏನಾಗತೈತ್ರಿ ಸಾವಕಾರ್ರ?"

"ಏನಾಗತೈತಿ? ಒಳಗ ಮಂದಿ ಇರತಾರೋ ಮಾರಾಯ! ಹೆಂಗಸರು, ಮಕ್ಕಳು! ಜೀವದ ಜೋಡಿ ಆಟ ಆಡಬಾರದು."

ಪ್ಯಾಸೆಂಜರಿನ ಕಿಟಕಿಗಳಲ್ಲಿ ಕಾಗದದ ಮುಖಗಳನ್ನು ಅಂಟಿಸಿದ್ದರು. ತೌಸೀಫ ಆ ಮುಖಗಳನ್ನೊಮ್ಮೆ ನೋಡಿ, ಸ್ಕ್ರೂಡ್ರೈವರು ಹಿಡಿದು ಮೇಜಿನ ಕೆಳಗೆ ತೂರಿಕೊಂಡ.

ಸಾವಕಾರನ ಮನಸ್ಸು ಜೀವದ ಬಗ್ಗೆ ಇಷ್ಟು ಕರಗಿದಾಗಲೇ ಕೇಳಬೇಕೆಂದು ಮಂಗಲಾಗೆ ಅನಿಸಿತು. ಸೆರಗು ಸರಿ ಮಾಡಿಕೊಂಡಳು. ನೆಲ ನೋಡಿದಳು.

"ಸಾವಕಾರ್ರ... ಅವರ ಗಾಡಿ ಬ್ರೇಕಿಂದ..."

"ಯಾರ ಗಾಡಿ?"

"ನಮ್ಮ ಮನ್ಯಾಗಿನವರದ್ರಿ. ಹಂಗಾಮ ಚಾಲೂ ಆಗೂದರಾಗ ಒಂದೀಟು ಗ್ಯಾರೇಜಿಗೆ ಹಾಕಿದ್ರ..."

ಕಂಠೆಪ್ಪ ತಲೆ ಎತ್ತಲಿಲ್ಲ. ಪ್ಯಾಸೆಂಜರನ್ನು ಎರಡು ಬಟ್ಟು ಹಿಂದೆ ಸರಿಸುತ್ತಿದ್ದ. "ಗ್ಯಾರೇಜಿನಾಗ ಗಾಡಿ ನಿಂದ್ರಿಸಿದ್ರ ಟ್ರಿಪ್ ಯಾರು ಹೊಡೀಬೇಕವಾ? ನೀ ಹೊಡೀತಿಯೇನ? ಬ್ರೇಕು ಗಾಡ್ಯಾಗ ಅಲ್ಲ, ಡ್ರೈವರನ ಕಾಲಾಗ ಇರಬೇಕು. ನಾ ಕ್ಲೀನರ್ ಇದ್ದಾಗ ನಮ್ಮ ಗಾಡಿಗೆ ಬ್ರೇಕ ಇರಲಿಲ್ಲ, ಹಾರ್ನ ಅಷ್ಟ ಇತ್ತು. ನೋಡೋಣು, ಮಳಿಗಾಲಕ್ಕ ನೋಡೋಣು."

ಮಳೆಗಾಲ ಮುಗಿದು ಇನ್ನೂ ವಾರ ಕಳೆದಿರಲಿಲ್ಲ. ಮೇಜಿನ ಕೆಳಗಿನಿಂದ ತೌಸೀಫ ಕೆಮ್ಮಿದ.

ಮರುದಿನ ಬೆಳಗಾಗುತ್ತಲೇ ಅಂಗಳದಲ್ಲಿ ಟಿಪ್ಪರುಗಳು ಮದುವಣಗಿತ್ತಿಯರಂತೆ ನಿಂತವು. ಹಣೆಗೆ ವಿಭೂತಿ, ಕನ್ನಡಿಗೆ ಚೆಂಡು ಹೂವಿನ ಮಾಲೆ, ಗಾಲಿಗಳ ಮುಂದೆ ನಿಂಬೆಹಣ್ಣು. ಗುರುಲಿಂಗ ತನ್ನ ಗಾಡಿಯನ್ನು ಎಲ್ಲಕ್ಕಿಂತ ಚೆನ್ನಾಗಿ ತೊಳೆದಿದ್ದ. ನಿಲ್ಲದ ಗಾಡಿಯನ್ನು ಹೊಳೆಯುವ ಹಾಗಾದರೂ ಮಾಡಬಹುದಲ್ಲ. ನಾಳೆ ಮುಂಜಾನೆ ಮೊದಲ ಟ್ರಿಪ್ಪಿಗೆ ಎಲ್ಲಕ್ಕಿಂತ ಮುಂದೆ ಹೋಗಬೇಕಾದದ್ದು ಅದೇ.

ಮೇಲೆ ಕೋಣೆಯಲ್ಲಿ ರೈಲಿಗೂ ಪೂಜೆ. ಆಮೇಲೆ ಸಂಘದವರ ಮುಂದೆ, ಅದಿರಿನ ಕಂಪನಿಯ ಆಫೀಸರರ ಮುಂದೆ ಅದನ್ನು ಓಡಿಸಿ ತೋರಿಸುವುದು ಕಂಠೆಪ್ಪನ ಯೋಜನೆ. ಮಂಗಲಾ ಕಣ್ಣುಗಳನ್ನು ಒರೆಸಿದಳು, ತೌಸೀಫ ಓಡಿಸಿ ನೋಡಿದ. ಪ್ಯಾಸೆಂಜರು ಬಟ್ಟು ಕೂಡ ಮುಂದೆ ಹೋಗದೆ ನಿಂತಿತು. ಕಂಠೆಪ್ಪ ಅತಿಥಿಗಳನ್ನು ಎದುರುಗೊಳ್ಳಲು ಕೆಳಗೆ ಹೋದ, ತೌಸೀಫ ನಾಷ್ಟಾಕ್ಕೆ ಹೋದ.

ಆಗ ಆರತಿಯ ತಟ್ಟೆ ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ಶಿವನನ್ನು ಕರೆಯುತ್ತ ಸಾವಂತ್ರೆವ್ವ ಮೇಲೆ ಬಂದಳು. ಕಂಠೆಪ್ಪನ ತಾಯಿ. ಮಗ ಊರಿಗೆ ಸಾವಕಾರ, ಅವಳು ಮಗನಿಗೆ ಸಾವಕಾರಳು. ಎಂಜಿನ್ನಿಗೆ ಕುಂಕುಮ ಹಚ್ಚಿದಳು, ದೂಧಸಾಗರಕ್ಕೆ ಕೈ ಮುಗಿದಳು. ಆಮೇಲೆ ಸೊಂಟದಿಂದ ಸಣ್ಣ ಡಬ್ಬಿ ತೆಗೆದಳು.

"ಸಂಘದ ಮಂದಿ ಎಲ್ಲಾ ಬರತಾರವಾ. ಒಬ್ಬೊಬ್ಬರ ಕಣ್ಣು ಹೆಂಗಿರತಾವ ಅನ್ನೂದು ನನಗ ಗೊತ್ತೈತಿ. ನದರ ಬಡೀತೈತಿ," ಎನ್ನುತ್ತ ಎಂಜಿನ್ನಿನ ಕೆನ್ನೆಗೊಂದು ಕಪ್ಪು ಬೊಟ್ಟಿಟ್ಟಳು. ಟಿಪ್ಪರುಗಳಿಗೆ ಒಂದೊಂದು. ಸ್ಟೇಶನ್ನಿಗೆ ಒಂದು. ಬಗ್ಗಿದವಳಿಗೆ ಹಳಿಯ ನಡುವೆ ಮಿನುಗುವ ಮಣಿಗಳು ಕಂಡವು.

"ಅಯ್ಯ, ಇವೇನ ಇವು, ಮೂಗಬಟ್ಟಿನ ಹಂಗ ಹೊಳ್ಯಾಕತ್ತಾವು? ಹೊಳಿಯೂದರ ಮ್ಯಾಲನ ಮೊದಲ ನದರ ಬೀಳೂದು."

"ಅವ್ವಾರ, ಅವಕ್ಕ ಮುಟ್ಟಬಾರದಂತ್ರಿ."

"ಯಾರಂದ್ರು?"

"ಸಾವಕಾರ್ರು."

"ಹುಟ್ಟಿದ ಕೂಸಿದ್ದಾಗ ಅವನ ಗಲ್ಲಕ್ಕ ಬೊಟ್ಟ ಇಟ್ಟಾಕಿ ನಾನು. ಆವಾಗೂ ಹಿಂಗ ಬ್ಯಾಡ ಬ್ಯಾಡ ಅಂತ ಒದರಿದ್ದ. ಇಟ್ಟಿದ್ದಕ್ಕ ಇವತ್ತ ಸಾವಕಾರ ಆಗ್ಯಾನ."

ಮುದುಕಿ ಮೇಜಿನ ಸುತ್ತ ಸುತ್ತಿ, ಒಂದನ್ನೂ ಬಿಡದೆ, ಮಣಿಮಣಿಗೂ ದಪ್ಪಗೆ ಕಾಡಿಗೆ ಮೆತ್ತಿದಳು. ಡಬ್ಬಿಯನ್ನು ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಮರೆತು, ಇಳಿದುಹೋದಳು.

ಮಂಗಲಾಳ ಕೈಯಲ್ಲಿ ಅರಳೆ ಇತ್ತು. ಒರೆಸಲು ಎಷ್ಟು ಹೊತ್ತು ಬೇಕು? ಒಂದು ಕಣ್ಣಿನ ಮೇಲೆ ಕೈ ಇಟ್ಟೂ ಇಟ್ಟಳು. ಅಷ್ಟರಲ್ಲಿ ಕಿಟಕಿಯಾಚೆ, ಜೋಡಿ ಗಾಜಿನ ಆಚೆ, ಗುರುಲಿಂಗ ತನ್ನ ಗಾಡಿಯ ಗಾಲಿಗಳಿಗೆ ಕಲ್ಲು ಕೊಡುವುದು ಕಂಡಿತು. ಉಳಿದವರ ಗಾಡಿಗಳಿಗೆ ನಿಂಬೆಹಣ್ಣು ಸಾಕಾಗಿತ್ತು. ಅವನ ಗಾಡಿಗೆ ನಿಂಬೆಹಣ್ಣಿನ ಹಿಂದೆ ಕಲ್ಲೂ ಬೇಕಿತ್ತು. ಮಂಗಲಾ ಅರಳೆಯನ್ನು ಮಡಿಚಿ ಸೆರಗಿಗೆ ಕಟ್ಟಿಕೊಂಡಳು. ನಿಲ್ಲದ ಗಾಡಿ ಹೇಗಿರುತ್ತದೆಂದು ಸಾವಕಾರ್ರು ಒಮ್ಮೆ ನೋಡಲಿ, ಅಂದುಕೊಂಡಳು. ಕಾಗದದ ಮಂದಿಗೆ ಆದದ್ದಾಗಲಿ.

ಅತಿಥಿಗಳು ಕಾಲು ತೊಳೆದುಕೊಂಡು ಬಂದರು. ಎಲ್ಲರೂ ಹಬ್ಬದ ಬಿಳಿ ಬಟ್ಟೆಯವರೇ. ಕಾರವಾರದ ಕಡೆಯವರಾದ ಕಂಪನಿಯ ಆಫೀಸರರಿಗೆ ಮೇಜಿಗೆ ತಾಗಿಯೇ ಕುರ್ಚಿ, ಕೈಯಲ್ಲಿ ಪೇಡೆಯ ತಟ್ಟೆ. ಡ್ರೈವರುಗಳು ಬಾಗಿಲ ಬಳಿ ಗುಂಪಾಗಿ ನಿಂತರು. ತೊಳೆದ ಕಾಲುಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಸಾವಂತ್ರೆವ್ವ ಮೂಲೆಯ ಸೋಫಾದಲ್ಲಿ ದೇವತೆಯಂತೆ ಕೂತಳು.

ಕಂಠೆಪ್ಪ ಸ್ವಿಚ್ಚು ಒತ್ತಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ರೈಲಿಗೆ ಬೆನ್ನು ತಿರುಗಿಸಿ ಜನರ ಕಡೆ ಮುಖ ಮಾಡಿ ನಿಂತ. ಅದೇ ಅವನ ಹೆಚ್ಚುಗಾರಿಕೆ.

"ನೋಡ್ರಿ, ನಾ ಕೈ ಹಚ್ಚಂಗಿಲ್ಲ. ತಿರುಗಿ ಸುದ್ದಾ ನೋಡಂಗಿಲ್ಲ. ಇನ್‌ಫ್ರಾರೆಡ್ ಐತಿ! ಗೂಡ್ಸು ಸ್ಟೇಶನ್ನಿನಾಗ ನಿಂದರತೈತಿ, ಹಿಂದಿನ ಗಾಡಿಗೆ ತಾನ ತಿಳೀತೈತಿ. ಸುರಕ್ಷತಾ ಅಂದ್ರ ಏನ್ರಿ? ಹಿಂದಿನವಗ ಮುಂದಿನವನ ಜೀವದ ಖಬರ ಇರಬೇಕು. ನಾ ನಮ್ಮ ಸಮಿತಿಯೊಳಗ ಇದನ್ನ..."

ಗೂಡ್ಸು ಸ್ಟೇಶನ್ನಿಗೆ ಬಂದು ನಿಂತಿತು. ಗೇಟು ಬೀಳಲಿಲ್ಲ. ಪ್ಯಾಸೆಂಜರು ಘಟ್ಟ ಇಳಿಯಿತು.

"...ಇದನ್ನ ಯಾವಾಗೂ ಹೇಳತೇನಿ, ಗಾಡಿ ಓಡಸೂದು ದೊಡ್ಡದಲ್ಲ, ನಿಂದ್ರಸೂದು ದೊಡ್ಡದು..."

ಕೇಳುವವರ ಕಣ್ಣುಗಳೆಲ್ಲ ಅವನನ್ನು ಬಿಟ್ಟು ಅವನ ಹಿಂದೆ ನೆಟ್ಟವು. ತನ್ನ ಮಾತಿಗೆ ಬೆರಗಾಗಿದ್ದಾರೆ ಎಂದುಕೊಂಡು ಅವನು ದನಿ ಏರಿಸಿದ. ಅಷ್ಟರಲ್ಲಿ ಫಟ್ ಎಂದಿತು. ಪ್ಯಾಸೆಂಜರು ಗೂಡ್ಸಿನ ಬೆನ್ನಿಗೆ ಗುದ್ದಿತು, ಗೂಡ್ಸಿನ ಡಬ್ಬಿಗಳು ಮೇಜಿನ ಅಂಚಿನಿಂದ ಒಂದರ ಹಿಂದೊಂದು ಹಾರಿದವು, ನುಣ್ಣಗೆ ಸೋಸಿದ ಅದಿರು ಆಫೀಸರರ ಬಿಳಿ ಪ್ಯಾಂಟಿನ ಮೇಲೆ, ಪೇಡೆಯ ಮೇಲೆ, ಮೀಸೆಯ ಮೇಲೆ ಹರಡಿತು. ಏಸಿಯ ಗಾಳಿ ಉಳಿದದ್ದನ್ನು ಎತ್ತಿ ಎಲ್ಲರಿಗೂ ಸಮನಾಗಿ ಹಂಚಿತು. ದೂಧಸಾಗರ ಕೆಂಪಾಯಿತು. ಕೊನೆಗೂ ಆ ಕೋಣೆ ಸಾವರ್ಡೆಗೆ ಸೇರಿತು.

ಬಾಗಿಲ ಬಳಿ ಡ್ರೈವರ್ ಹಣಮಪ್ಪ ಪಕ್ಕದವನ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು: "ಅಲ್ಲಿ ಗುಡ್ಡಿ ಇರಲಿಲ್ಲ ನೋಡಪಾ."

"ತೌಸೀಫ!" ಕಂಠೆಪ್ಪ ಗುಡುಗಿದ.

ತೌಸೀಫ ಹಳಿಯ ಮೇಲೆ ಬೆರಳೆಳೆದ. ಬೆರಳು ಕಪ್ಪಾಯಿತು. ಮೂಸಿದ, ಬೆರಳನ್ನು ಎತ್ತಿ ಹಿಡಿದ. "ಸಾವಕಾರ್ರ, ಕಣ್ಣಿಗೆ ಯಾರೋ ಮಸಿ ಬಳದಾರ್ರಿ. ಹಿಂಗ ಮುಚ್ಚಿದ್ರ ಬೆಳಕು ಹೊರಗ ಬರೂದು ಹೆಂಗ?"

"ಮಸಿ ಅಲ್ಲೋ," ಎಂದಳು ಸಾವಂತ್ರೆವ್ವ ಸೋಫಾದಿಂದ. "ಕಾಡಿಗಿ. ಔಡಲ ಎಣ್ಣಿ ದೀಪದ್ದು. ಮನ್ಯಾಗ ಮಾಡಿದ್ದು, ಅಂಗಡೀದಲ್ಲ."

ಆಫೀಸರರು ಮೀಸೆ ಒರೆಸಿಕೊಳ್ಳುತ್ತ ನಗತೊಡಗಿದರು. "ಏನು ಕಂಠೆಪ್ಪನವರೇ, ಸಿಂಗಾಪುರದ ಕಣ್ಣಿಗೆ ಅಮ್ಮನ ಕಾಡಿಗೆಯೇ?" ಸಂಘದವರೂ ನಕ್ಕರು. ವರ್ಷವೆಲ್ಲ ಹೇಳಿಕೊಂಡು ನಗಲು ಅವರಿಗೆ ಸಾಮಾನು ಸಿಕ್ಕಿತ್ತು. ಕಂಠೆಪ್ಪನ ಮುಖ ಅದಿರಿಗಿಂತ ಕೆಂಪಾಯಿತು. ತಾಯಿಗೆ ಬಯ್ಯುವಂತಿಲ್ಲ, ಮಷೀನು ಸುಳ್ಳೆನ್ನುವಂತಿಲ್ಲ, ತೌಸೀಫನಿಗೆ ಬಯ್ದರೆ ನಾಳೆ ಹಳಿ ಜೋಡಿಸುವವರಿಲ್ಲ.

"ನಗಬ್ಯಾಡ್ರಿ," ಎಂದಳು ಮುದುಕಿ. ನಗು ನಿಂತಿತು. "ಕಾಡಿಗಿ ಹಚ್ಚಿದ್ದಕ್ಕ ಇಷ್ಟರಾಗ ಹೋತು. ಹಚ್ಚಲಿಲ್ಲಂದ್ರ ಈ ನದರ ಖರೇ ಗಾಡಿಗೆ ಬಡೀತಿತ್ತು. ದೇವರು ಸಣ್ಣ ಗಾಡ್ಯಾಗ ತೋರಿಸಿ ಬಿಟ್ಟಾನ."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. "ಹೌದ್ರಿ, ಖರೇ ಐತಿ!" ಎಂದ ಕಂಠೆಪ್ಪ. "ಅವ್ವ ಹೇಳೂದ ಖರೇ. ಇದು ಅಪಘಾತ ಅಲ್ರಿ, ಸೂಚನಾ." ಅವನು ನಂಬಿದನೋ ಇಲ್ಲವೋ, ನಂಬಿದವನ ಮುಖವನ್ನಂತೂ ಮಾಡಿಕೊಂಡ. ಸಂಘದವರೂ ತಲೆಯಾಡಿಸಿದರು. ದೇವರ ಸೂಚನೆಗೆ ನಗುವುದು ಸರಿಯಲ್ಲ.

ಮಂಗಲಾ ಬಿದ್ದ ಅದಿರನ್ನು ಬಾಚುತ್ತ ಸಾವಂತ್ರೆವ್ವನ ಕಾಲ ಹತ್ತಿರ ಬಂದಿದ್ದಳು. ಈ ಸಲ ಸೆರಗು ಸರಿ ಮಾಡಿಕೊಳ್ಳಲಿಲ್ಲ.

"ಅವ್ವಾರ," ಎಂದಳು, "ಹಿಂದಿನ ಗಾಡಿ ನಿಂದರಲಿಲ್ರಿ."

"ಏನಂದಿ?"

"ನಿಂದರಬೇಕಾಗಿತ್ತು. ನಿಂದರಲಿಲ್ಲ. ಸೂಚನಾ ಅಂದ್ರ... ಅದನ ಇರಬೇಕೇನೋ ಅಂತ."

ಮುದುಕಿ ಒಂದು ಗಳಿಗೆ ಅವಳನ್ನು ದಿಟ್ಟಿಸಿ, ಬಾಗಿಲ ಕಡೆ ತಿರುಗಿದಳು. "ನಿಮ್ಮೊಳಗ ಯಾರ ಗಾಡಿರೋ ನಿಂದರಲಾರದ್ದು?"

ಡ್ರೈವರುಗಳಿಗೆ ಏಸಿಯ ಮೇಲೆ ಒಮ್ಮೆಲೇ ಆಸಕ್ತಿ ಹುಟ್ಟಿತು. ಕೆಲವರು ಅದನ್ನು ನೋಡಿದರು, ಹಣಮಪ್ಪನೂ ಇನ್ನು ಕೆಲವರೂ ಛಾವಣಿ ನೋಡಿದರು. ಕಂಠೆಪ್ಪ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಆ ನೋಟಕ್ಕೆ ಯಾವ ಕಾಡಿಗೆಯೂ ತಾಳುವಂತಿರಲಿಲ್ಲ. ಗುರುಲಿಂಗ ತನ್ನ ತೊಳೆದ ಕಾಲುಗಳನ್ನು ನೋಡಿಕೊಂಡ. ಆ ಕಾಲುಗಳಲ್ಲೇ ಅಲ್ಲವೇ ಬ್ರೇಕು ಇರಬೇಕಾದದ್ದು. ಆಮೇಲೆ ಹೆಂಡತಿಯನ್ನು ನೋಡಿದ. ಅವಳು ನೆಲ ನೋಡುತ್ತಿರಲಿಲ್ಲ. ಅವನನ್ನೇ ನೋಡುತ್ತಿದ್ದಳು.

"ನಂದ್ರಿ ಅವ್ವಾರ," ಎಂದ. "ತುಳಿದ್ರ ನಿಂದರಂಗಿಲ್ರಿ. ನಾಳೆ ಮೊದಲ ಟ್ರಿಪ್ ನಂದ."

"ಶಿವ ಶಿವಾ! ಅದರ ಬ್ರೇಕ ಹಿಡಿಯೂತನಾ ಆ ಗಾಡಿ ನನ್ನ ಗೇಟ ದಾಟಂಗಿಲ್ಲ. ಕೇಳಿದೇನೋ ಕಂಠ್ಯಾ?"

"ಅಂದರೆ," ಎಂದರು ಆಫೀಸರರು ಪೇಡೆಯ ಮೇಲಿನ ಅದಿರನ್ನು ಊದುತ್ತ, "ಬ್ರೇಕಿಲ್ಲದ ಗಾಡಿ ನಾಳೆ ನಮ್ಮಲ್ಲಿಗೆ ಬರುತ್ತಿತ್ತೇ?"

ಸುರಕ್ಷತಾ ಸಮಿತಿಯ ಅಧ್ಯಕ್ಷ ಹಲ್ಲು ಬಿಟ್ಟು ನಕ್ಕ. "ಛೇ ಛೇ, ಎಲ್ಲಿದ್ರಿ! ನಾ ಗ್ಯಾರೇಜಿಗೆ ನಿನ್ನೇನ ಹೇಳೇನ್ರಿ. ಬೇಕಾದ್ರ ಈ ಹೆಣ್ಣಮಗಳನ್ನ ಕೇಳ್ರಿ, ಆಕಿ ಮುಂದನ ಮಾತ ಆಗೇತಿ."

ಎಲ್ಲರೂ ಮಂಗಲಾಳ ಕಡೆ ನೋಡಿದರು. ಅವಳು ಸೆರಗು ಸರಿ ಮಾಡಿಕೊಂಡಳು, ನೆಲ ನೋಡಿದಳು. "ಹೌದ್ರಿ," ಎಂದಳು. "ಮಾತ ಆಗೇತ್ರಿ."

ಗಾಡಿ ಗ್ಯಾರೇಜಿಗೆ ಹೋಯಿತು. ಬ್ರೇಕಿನ ಸಾಮಾನೆಲ್ಲ ಹೊಸದಾಯಿತು. ಗಾಡಿ ಮರಳಿ ಬಂದ ದಿನ ಗುರುಲಿಂಗ ಮನೆಗೆ ಬಂದು, ಅಂಗಿ ಬಿಚ್ಚುವ ಮೊದಲೇ ಹೇಳಿದ: "ತುಳಿದೆ, ನಿಂತಿತು ಮಂಗಲಾ. ವಿಚಾರನ ಮಾಡಲಿಲ್ಲ."

ಸಂಘದ ಮುಂದಿನ ಸಭೆಯಲ್ಲಿ ಕಂಠೆಪ್ಪ ಭಾಷಣ ಮಾಡಿದನಂತೆ: ತನ್ನ ಗಾಡಿಗಳ ದೋಷವನ್ನು ಮೊದಲು ಮಾಡೆಲ್ಲಿನ ಮೇಲೆ ಪತ್ತೆ ಹಚ್ಚುವ ಪದ್ಧತಿಯೊಂದನ್ನು ತಾನು ಕಂಡುಹಿಡಿದಿದ್ದಾಗಿ. ಚಪ್ಪಾಳೆಯೂ ಬಿತ್ತಂತೆ. ಆದರೆ ಬೇರೆ ಯಾವ ಗಾಡಿಯನ್ನೂ ಅವನು ಗ್ಯಾರೇಜಿಗೆ ಕಳಿಸಲಿಲ್ಲ. ದೇವರು ತೋರಿಸಿದ್ದು ಒಂದೇ ಗಾಡಿಯನ್ನಲ್ಲವೇ? ರೈಲನ್ನು ದೀಪಾವಳಿಯ ಪಾಡ್ಯದ ದಿನ ಮತ್ತೆ ಓಡಿಸಿ ತೋರಿಸುವುದೆಂದಾಯಿತು. ತೌಸೀಫ ಕಣ್ಣುಗಳನ್ನೆಲ್ಲ ತೊಳೆದ. ತಾಯಿ ಆ ಕೋಣೆಯ ಕಡೆ ಸುಳಿಯದಂತೆ ಕಾವಲಿಗೆ ನಂಬಿಕೆಯ ಮನುಷ್ಯರು ಬೇಕಿತ್ತು. ಕಂಠೆಪ್ಪ ಭಾಳ ವಿಚಾರ ಮಾಡಿ ಮಂಗಲಾಳನ್ನು ಇಟ್ಟ.

ಹಬ್ಬ ಹತ್ತಿರ ಬಂದಾಗ, ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಹಣಮಪ್ಪನ ಹೆಂಡತಿ ಭೀಮಿಬಾಯಿ ಕೊಡ ಇಟ್ಟು, ಅತ್ತಿತ್ತ ನೋಡಿ ಮಂಗಲಾಳ ಪಕ್ಕಕ್ಕೆ ಸರಿದಳು.

"ಏ ತಂಗಿ, ನಿಮ್ಮ ಸಾವಕಾರ್ರ ಮನ್ಯಾಗ ಆ ಕಾಡಿಗಿ ಇನ್ನಾ ಐತೇನ? ನಮ್ಮನ್ಯಾಗಿನವರ ಗಾಡೀನೂ ಹಂಗ ಐತಿ. ಇಳಕಲಾ ಬಂದ್ರ ನನ್ನ ಹೆಸರ ಹಿಡದ ಒದರತಾರಂತ."

ಮಂಗಲಾ ತನ್ನ ಕೊಡವನ್ನು ನಲ್ಲಿಯ ಕೆಳಗೆ ಸರಿಸಿದಳು. ತುಂಬಿದ ಮೇಲೆ ಸಿಂಬಿ ಸರಿ ಮಾಡಿಕೊಂಡು, ಕೊಡ ಎತ್ತಿಕೊಂಡಳು.

"ಡಬ್ಬಿ ತುಂಬ ಐತಕ್ಕ," ಎಂದಳು. "ಆದ್ರ ಕಾಡಿಗಿ ಅಷ್ಟ ಇದ್ರ ಸಾಲಂಗಿಲ್ಲ. ಪಾಡ್ಯದ ದಿನ ಮ್ಯಾಲಿನ ಛತ್ತ ನೋಡಬ್ಯಾಡ, ಅವ್ವಾರು ಕೇಳಿದ್ರ ಬಾಯಿ ತಗಿ ಅಂತ ಹಣಮಪ್ಪಣ್ಣಗ ಹೇಳು."